ಅಂಬಿಗನಿಲ್ಲದ ಕಡವು

ನಮ್ಮ ಕಾವ್ಯದಲ್ಲಿ ಹೊಳೆ ಬಂದರೆ ಅದರ ಹಿಂದೆಯೇ ದೋಣಿ ಬರುತ್ತದೆ. ದೋಣಿ ಬಂದರೆ ಅಂಬಿಗನೂ ಬರುತ್ತಾನೆ. ರಾಮನನ್ನು ಗಂಗೆ ದಾಟಿಸಿದ ಗುಹನನ್ನು ನಮ್ಮ ಜನ ಇಂದಿಗೂ ಮರೆತಿಲ್ಲ. ಹನ್ನೆರಡನೆಯ ಶತಮಾನದ ಅಂಬಿಗರ ಚೌಡಯ್ಯ ತನ್ನ ಕಾಯಕವನ್ನೇ ಹೆಸರಿನ ಮುಂದಿಟ್ಟುಕೊಂಡು, ಆ ಹೆಸರನ್ನೇ ವಚನಗಳ ಅಂಕಿತವನ್ನಾಗಿಯೂ ಮಾಡಿಕೊಂಡ. ಪುರಂದರದಾಸರು ದೇವರನ್ನೇ ಅಂಬಿಗನೆಂದು ಕರೆದು, ಸೋರುವ ಹರಿಗೋಲಿನಲ್ಲಿ ಕುಳಿತ ತಮ್ಮನ್ನು ದಡ ಸೇರಿಸೆಂದು ಮೊರೆಯಿಟ್ಟರು. ಈ ಪರಂಪರೆಯಲ್ಲಿ ಮೂರು ಸಂಗತಿಗಳು ಸ್ಥಿರವಾಗಿ ನಿಂತಿವೆ. ದಾಟಿಸುವವನೊಬ್ಬನಿದ್ದಾನೆ, ದಾಟುವವನು ಅವನನ್ನು ನಂಬಿದ್ದಾನೆ. ಈ ದಡ ದುಃಖದ್ದು, ಆ ದಡ ಬಿಡುಗಡೆಯದು. ಒಮ್ಮೆ ದಾಟಿದ ಮೇಲೆ ಮರಳುವ ಮಾತಿಲ್ಲ.

ಈ ಮೂರೂ ಇಲ್ಲದ ಒಂದು ದೋಣಿಯ ಪದ್ಯವನ್ನು ಕುರಿತು ಇಲ್ಲಿ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಅದು ಅಮೆರಿಕದ ಕವಿ ವಾಲ್ಟ್ ವಿಟ್ಮನ್ನನ 'ಕ್ರಾಸಿಂಗ್ ಬ್ರೂಕ್ಲಿನ್ ಫೆರ್ರಿ'. ವಿಟ್ಮನ್ ಕನ್ನಡಿಗರಿಗೆ ಹೊಸಬನಲ್ಲ. ಗೋಪಾಲಕೃಷ್ಣ ಅಡಿಗರು ಅವನ ಕವಿತೆಗಳನ್ನು 'ಹುಲ್ಲಿನ ದಳಗಳು' ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದಿದ್ದಾರೆ. 'ಫೆರ್ರಿ' ಎಂಬುದಕ್ಕೂ ನಾವು ಪರದಾಡಬೇಕಾಗಿಲ್ಲ. ದೋಣಿಯಲ್ಲಿ ಹೊಳೆ ದಾಟುವ ಸ್ಥಳಕ್ಕೆ ನಮ್ಮ ಕರಾವಳಿಯವರು 'ಕಡವು' ಎನ್ನುತ್ತಾರೆ. ಈ ಲೇಖನದಲ್ಲಿ ನಾನು ಆ ಮಾತನ್ನೇ ಬಳಸುತ್ತೇನೆ. ಬ್ರೂಕ್ಲಿನ್ ಕಡವು ಎಂಬುದು ಕವಿಯ ಕಲ್ಪನೆಯಲ್ಲ. ಟಿಕೆಟು ಕೊಂಡು ಜನ ಕೆಲಸಕ್ಕೆ ಹೋಗಿಬರುತ್ತಿದ್ದ ಒಂದು ಜಾಗ. ಅದನ್ನು ಮರೆತು ಪದ್ಯವನ್ನು ಓದಿದರೆ ಪದ್ಯದ ಅರ್ಧ ಕೈಬಿಟ್ಟುಹೋಗುತ್ತದೆಂಬುದು ನನ್ನ ಅಭಿಪ್ರಾಯ.

ಮೊದಲು ಸ್ಥಳದ ಪರಿಚಯ. ನ್ಯೂಯಾರ್ಕಿನ ಮ್ಯಾನ್‌ಹಟನ್ ದ್ವೀಪಕ್ಕೂ ಬ್ರೂಕ್ಲಿನ್ನಿಗೂ ನಡುವೆ ಇರುವ ನೀರಿಗೆ ಈಸ್ಟ್ ರಿವರ್ ಎಂದು ಹೆಸರು. ಹೆಸರಿಗೆ ಅದು ನದಿ. ವಾಸ್ತವವಾಗಿ ನ್ಯೂಯಾರ್ಕ್ ಕೊಲ್ಲಿಯನ್ನೂ ಲಾಂಗ್ ಐಲೆಂಡ್ ಸೌಂಡ್ ಎಂಬ ಕಡಲ ಭಾಗವನ್ನೂ ಕೂಡಿಸುವ ಜಲಸಂಧಿ. ಬೆಟ್ಟದಲ್ಲಿ ಹುಟ್ಟಿ ಕಡಲನ್ನು ಸೇರುವ ಹೊಳೆಯಲ್ಲ ಅದು. ಉಬ್ಬರದ ಹೊತ್ತಿನಲ್ಲಿ ಅದರ ನೀರು ಒಂದು ದಿಕ್ಕಿಗೆ ಹರಿದರೆ ಇಳಿತದ ಹೊತ್ತಿನಲ್ಲಿ ಮತ್ತೊಂದು ದಿಕ್ಕಿಗೆ ಹರಿಯುತ್ತದೆ. ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈ ನೀರನ್ನು ದಾಟಿಸುವ ದೋಣಿ ಡಚ್ಚರ ಕಾಲದಲ್ಲಿಯೇ, 1642ರ ಸುಮಾರಿಗೆ, ಆರಂಭವಾಯಿತು. 1776ರ ಆಗಸ್ಟ್ 29ರ ರಾತ್ರಿ, ಯುದ್ಧದಲ್ಲಿ ಸೋತ ಜಾರ್ಜ್ ವಾಷಿಂಗ್ಟನ್ ತನ್ನ ಸುಮಾರು ಒಂಬತ್ತು ಸಾವಿರ ಸೈನಿಕರನ್ನು ಬ್ರಿಟಿಷರ ಕಣ್ಣು ತಪ್ಪಿಸಿ ಮ್ಯಾನ್‌ಹಟನ್ನಿಗೆ ಸಾಗಿಸಿದ್ದು ಈ ಕಡವಿನಿಂದಲೇ. ಬೆಳಗಿನ ಮಂಜು ಅವನಿಗೆ ಸಹಾಯ ಮಾಡಿತು. 1814ರಲ್ಲಿ ರಾಬರ್ಟ್ ಫುಲ್ಟನ್ನನ ಉಗಿಯಂತ್ರದ ದೋಣಿ 'ನಾಸೋ' ಇಲ್ಲಿ ಓಡತೊಡಗಿತು. ಅಂದಿನಿಂದ ಈ ಕಡವಿಗೆ ಫುಲ್ಟನ್ ಫೆರ್ರಿ ಎಂದೇ ಹೆಸರಾಯಿತು. ಎರಡೂ ದಡಗಳ ಬೀದಿಗಳಿಗೂ ಅವನ ಹೆಸರೇ ನಿಂತಿತು. ಗಾಳಿ ಬೀಸಲಿ ಬಿಡಲಿ, ಹೊತ್ತಿಗೆ ಸರಿಯಾಗಿ ದೋಣಿ ಹೊರಡುವುದೆಂಬ ಭರವಸೆ ಹುಟ್ಟಿದ ಮೇಲೆ ಬ್ರೂಕ್ಲಿನ್ನಿನಲ್ಲಿ ಮನೆ ಮಾಡಿಕೊಂಡು ಮ್ಯಾನ್‌ಹಟನ್ನಿನಲ್ಲಿ ಕೆಲಸಕ್ಕಿರುವುದು ಸಾಧ್ಯವಾಯಿತು. 1834ರಲ್ಲಿ ನಗರವೆನಿಸಿಕೊಂಡ ಬ್ರೂಕ್ಲಿನ್, 1860ರ ಜನಗಣತಿಯ ಹೊತ್ತಿಗೆ 2 ಲಕ್ಷ 66 ಸಾವಿರ ಜನರಿದ್ದ, ಅಮೆರಿಕದ ಮೂರನೆಯ ದೊಡ್ಡ ಊರಾಗಿತ್ತು. ಈ ಬೆಳವಣಿಗೆಗೆ ಕಡವು ಬಹು ದೊಡ್ಡ ಕಾರಣ.

ಫುಲ್ಟನ್ನನ ಮಾದರಿಯ ದೋಣಿಗಳ ರಚನೆಯಲ್ಲಿ ಒಂದು ವಿಶೇಷವಿತ್ತು. ಅವಕ್ಕೆ ಎರಡೂ ತುದಿಗಳು ಒಂದೇ ಬಗೆಯವು. ಹಿಂದು ಮುಂದು ಎಂಬುದಿಲ್ಲ. ದಡ ಮುಟ್ಟಿದ ದೋಣಿ ತಿರುಗಿಕೊಳ್ಳಬೇಕಾಗಿರಲಿಲ್ಲ; ಹಿಂದಾಗಿದ್ದ ತುದಿಯನ್ನೇ ಮುಂದು ಮಾಡಿಕೊಂಡು ಮರಳುತ್ತಿತ್ತು. ಹತ್ತಿ ಇಳಿಯುವ ಕಟ್ಟೆಯೂ ನೀರಿನ ಮೇಲೆ ತೇಲುವಂತಹುದು. ಉಬ್ಬರ ಬಂದರೆ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಕಡಲು ಎಷ್ಟೇ ಏರಿಳಿದರೂ ಗಾಡಿ, ಕುದುರೆ, ಜನ ನೇರವಾಗಿ ದೋಣಿಯೊಳಕ್ಕೆ ನಡೆದುಹೋಗಬಹುದಾಗಿತ್ತು.

1819ರಲ್ಲಿ ಹುಟ್ಟಿದ ವಿಟ್ಮನ್ ನಾಲ್ಕು ವರ್ಷದವನಾಗಿದ್ದಾಗ ಅವನ ಮನೆಯವರು ಬ್ರೂಕ್ಲಿನ್ನಿಗೆ ಬಂದರು. ಮುಂದೆ 1846ರಿಂದ 1848ರ ಆರಂಭದವರೆಗೆ ಅವನು ಸಂಪಾದಕನಾಗಿದ್ದ 'ಬ್ರೂಕ್ಲಿನ್ ಈಗಲ್' ಪತ್ರಿಕೆಯ ಕಚೇರಿ ಕಡವಿನ ಹತ್ತಿರವೇ ಇತ್ತು. 1855ರಲ್ಲಿ 'ಲೀವ್ಸ್ ಆಫ್ ಗ್ರಾಸ್' ಸಂಕಲನ ಹನ್ನೆರಡು ಕವಿತೆಗಳೊಡನೆ ಅಚ್ಚಾದದ್ದು ಅದೇ ಫುಲ್ಟನ್ ಬೀದಿಯ ಒಂದು ಸಣ್ಣ ಮುದ್ರಣಾಲಯದಲ್ಲಿ. ಮರುವರ್ಷದ ಎರಡನೆಯ ಮುದ್ರಣದಲ್ಲಿ ನಮ್ಮ ಈ ಪದ್ಯ ಮೊದಲ ಸಲ ಕಾಣಿಸಿಕೊಂಡಿತು. ಆಗ ಅದಕ್ಕೆ 'ಸನ್-ಡೌನ್ ಪೊಯೆಮ್', ಅಂದರೆ ಸೂರ್ಯಾಸ್ತದ ಪದ್ಯವೆಂದು ಹೆಸರು. 1860ರ ಮೂರನೆಯ ಮುದ್ರಣದಲ್ಲಿ ಕವಿ ಆ ಹೆಸರನ್ನು ತೆಗೆದು ಈಗಿನ ಹೆಸರನ್ನಿಟ್ಟ. ಈ ಬದಲಾವಣೆ ಅರ್ಥಪೂರ್ಣವಾದದ್ದು. ಸೂರ್ಯಾಸ್ತವೆಂಬುದು ಎಲ್ಲ ಕವಿಗಳ ಸೊತ್ತು. ಅದನ್ನು ಹೆಸರಿಸಿದರೆ ಒಂದು ಭಾವವನ್ನು ಹೆಸರಿಸಿದಂತಾಯಿತು. ಬ್ರೂಕ್ಲಿನ್ ಕಡವನ್ನು ದಾಟುವುದೆಂದರೆ ಒಂದು ಊರಿನ ಜನ ದಿನವೂ ಮಾಡುವ ಕೆಲಸ. ಕವಿ ಭಾವವನ್ನು ಬಿಟ್ಟು ಕೆಲಸವನ್ನು ಹೆಸರಿಸಿದ.

ಇನ್ನು ಪದ್ಯಕ್ಕೆ ಬರೋಣ. ಇದರ ಒಂಬತ್ತು ಭಾಗಗಳಲ್ಲಿ ನಡೆಯುವುದಿಷ್ಟು. ಸಂಜೆಯ ಹೊತ್ತು, ಉಬ್ಬರ, ಪಡುವಣದಲ್ಲಿ ಇನ್ನು ಅರ್ಧ ಗಂಟೆಯಷ್ಟೇ ಉಳಿದಿರುವ ಸೂರ್ಯ. ಕೆಲಸ ಮುಗಿಸಿ ಮನೆಗೆ ಹೊರಟ ನೂರಾರು ಜನರ ನಡುವೆ ಕವಿ ದೋಣಿಯ ಕಂಬಿಗೆ ಒರಗಿ ನಿಂತಿದ್ದಾನೆ. ದಿನನಿತ್ಯದ ಉಡುಪಿನ ಆ ಜನ ತಮಗೇ ತಿಳಿಯದಷ್ಟು ಕುತೂಹಲಕರರೆಂದು ಅವನಿಗೆ ತೋರುತ್ತದೆ. ಇವರಂತೆಯೇ ಐವತ್ತು ವರ್ಷದ ಮೇಲೆ, ನೂರು ವರ್ಷದ ಮೇಲೆ ಬೇರೆಯವರು ಇಲ್ಲಿ ದಾಟುತ್ತಾರೆ, ಇದೇ ಸೂರ್ಯಾಸ್ತವನ್ನು ನೋಡುತ್ತಾರೆ ಎಂದುಕೊಳ್ಳುತ್ತಾನೆ. ಆಮೇಲೆ ಕಂಡದ್ದನ್ನೆಲ್ಲ ಎಣಿಸುತ್ತಾನೆ: ಡಿಸೆಂಬರಿನ ಕಡಲಹಕ್ಕಿಗಳು, ಹಡಗಿನ ಹಗ್ಗಗಳ ನಡುವೆ ದುಡಿಯುವ ನಾವಿಕರು, ಕಲ್ಲಿನ ಉಗ್ರಾಣಗಳು, ಹುಲ್ಲು ಹೊತ್ತ ದೋಣಿ, ರಾತ್ರಿಯಲ್ಲಿ ಮನೆಗಳ ಮೇಲೆ ಬೆಳಕು ಚೆಲ್ಲುವ ಎರಕದ ಕಾರ್ಖಾನೆಗಳ ಕುಲುಮೆ. ಕೊನೆಗೆ ಕಾಲವೂ ದೂರವೂ ನಮ್ಮನ್ನು ಅಗಲಿಸಲಾರವೆಂದು, ಮುಂದೆ ಬರುವ ಓದುಗನನ್ನೇ ನೇರವಾಗಿ ಮಾತನಾಡಿಸುತ್ತಾನೆ.

ಇಂತಹ ಪದ್ಯವನ್ನು ಓದಿದ ಭಾರತೀಯನಿಗೆ ವೇದಾಂತ ನೆನಪಾಗುವುದು ಸಹಜ. ಹಾಗೆ ನೆನಪಾದದ್ದು ನಮಗೆ ಮಾತ್ರವೂ ಅಲ್ಲ. 1856ರ ನವೆಂಬರಿನಲ್ಲಿ ಬ್ರೂಕ್ಲಿನ್ನಿಗೆ ಬಂದು ವಿಟ್ಮನ್ನನನ್ನು ಕಂಡ ಥೋರೋ, ಅವನ ಕವಿತೆ ಪೌರ್ವಾತ್ಯರ ಗ್ರಂಥಗಳನ್ನು ಹೋಲುತ್ತದೆಂದು ಹೇಳಿ ಅವನ್ನು ಓದಿದ್ದೀಯಾ ಎಂದು ವಿಚಾರಿಸಿದನಂತೆ, ವಿಟ್ಮನ್ ಇಲ್ಲವೆಂದನಂತೆ. 1964ರಲ್ಲಿ ವಿ. ಕೆ. ಚಾರಿಯವರು ವೇದಾಂತದ ಅನುಭಾವದ ಬೆಳಕಿನಲ್ಲಿ ವಿಟ್ಮನ್ನನನ್ನು ಕಾಣುವ ಒಂದು ಇಡಿಯ ಗ್ರಂಥವನ್ನೇ ಇಂಗ್ಲಿಷಿನಲ್ಲಿ ಬರೆದರು. ವಿಟ್ಮನ್ನನ 'ನಾನು' ಎಂಬುದು ಬರಿಯ ಜಂಬವಲ್ಲ, ಅದಕ್ಕೊಂದು ಆಳವಿದೆ ಎಂಬುದನ್ನು ಅರಿಯಲು ಇಂತಹ ಓದು ಸಹಾಯ ಮಾಡುತ್ತದೆ. ಆ ಉಪಕಾರವನ್ನು ಮರೆಯತಕ್ಕದ್ದಲ್ಲ.

ಆದರೆ ಈ ದಾರಿಯಲ್ಲಿ ಒಂದು ಅಪಾಯವಿದೆ. ವೇದಾಂತದ ಕನ್ನಡಕ ಹಾಕಿಕೊಂಡ ಓದುಗನಿಗೆ ಈಸ್ಟ್ ರಿವರ್ ಕೂಡಲೇ ಭವಸಾಗರವಾಗುತ್ತದೆ, ದೋಣಿ ದೇಹವಾಗುತ್ತದೆ, ಆಚೆ ದಡ ಮೋಕ್ಷವಾಗುತ್ತದೆ. ಆಮೇಲೆ ಹುಲ್ಲಿನ ದೋಣಿಗೂ ಎರಕದ ಕುಲುಮೆಗೂ ಕೆಲಸವೇನು? ಅವು ಬರಿಯ ಅಲಂಕಾರಗಳಾಗಿ ಉಳಿಯುತ್ತವೆ. ಪದ್ಯ ಹಾಗೆ ಹೇಳುತ್ತಿಲ್ಲ. ಅದರ ಕೊನೆಯ ಮಾತು ಈ ಮೂಕವಾದ, ಸುಂದರವಾದ ವಸ್ತುಗಳಿಗೇ ಸಲ್ಲುವ ಕೃತಜ್ಞತೆ. ಅವುಗಳನ್ನು ದಾಟಿ ಹೋಗುವ ಬಯಕೆ ಅಲ್ಲಿಲ್ಲ. ಅವು ಇದ್ದಲ್ಲಿಯೇ ಇದ್ದು ಆತ್ಮಕ್ಕೆ ತಮ್ಮ ಪಾಲನ್ನು ಸಲ್ಲಿಸುತ್ತವೆಂಬ ನಂಬಿಕೆಯಿದೆ.

ಹಾಗಾದರೆ ದಡಗಳ ಗತಿಯೇನು? ಪದ್ಯದಲ್ಲಿ ಎರಡು ದಡಗಳಿವೆ. ಆದರೆ ಯಾವುದೂ ಗುರಿಯಲ್ಲ. ಬೆಳಿಗ್ಗೆ ಬ್ರೂಕ್ಲಿನ್ನಿನಿಂದ ಹೊರಟವನಿಗೆ ಮ್ಯಾನ್‌ಹಟನ್ ಆಚೆ ದಡ. ಸಂಜೆ ಮರಳುವಾಗ ಬ್ರೂಕ್ಲಿನ್ನೇ ಆಚೆ ದಡ. ನೀರೂ ಹಾಗೆಯೇ ಎರಡು ದಿಕ್ಕಿಗೆ ಹರಿಯುವಂತಹುದು. ಗಂಗೆಯನ್ನೋ ತುಂಗೆಯನ್ನೋ ಕಾಲಕ್ಕೆ ಹೋಲಿಸಿದರೆ ಹೋದ ಕಾಲ ಹೋಯಿತೆಂಬ ಅರ್ಥವೇ ಬರುತ್ತದೆ. ಉಬ್ಬರ ಇಳಿತಗಳ ಈ ನೀರನ್ನು ಹೋಲಿಸಿದರೆ, ಹೋದದ್ದು ಮರಳಿ ಬರುತ್ತದೆಂದು ಅರ್ಥವಾಗುತ್ತದೆ. ಹಿಂದು ಮುಂದಿಲ್ಲದ ದೋಣಿ, ಹಿಂದಕ್ಕೂ ಮುಂದಕ್ಕೂ ಹರಿಯುವ ನೀರು, ಹೋಗಿ ಬರುವ ಜನ, ಇವು ಮೂರೂ ಕೂಡಿದ ಜಾಗದಲ್ಲಿ ನಿಂತವನಿಗೆ ಮಾತ್ರ ಹೊಳೆಯಬಹುದಾದ ಕಲ್ಪನೆಯಿದು. ತತ್ತ್ವವನ್ನು ಕವಿ ಎಲ್ಲಿಂದಲೋ ತಂದು ಕಡವಿನ ಮೇಲೆ ಹೊರಿಸಿಲ್ಲ. ಕಡವೇ ಅವನಿಗೆ ಅದನ್ನು ಕೊಟ್ಟಿತು.

ಪದ್ಯದ ಕ್ರಿಯಾಪದಗಳಲ್ಲಿಯೂ ಈ ಹೋಗಿ ಬರುವಿಕೆ ಇದೆ. ಮೊದಲ ಭಾಗದಲ್ಲಿ ಕವಿ ಈಗ, ಇಲ್ಲಿ ನಿಂತಿದ್ದಾನೆ. ಮೂರನೆಯ ಭಾಗಕ್ಕೆ ಬರುವಷ್ಟರಲ್ಲಿ, ನೀವು ಈಗ ನೋಡುವುದನ್ನು ನಾನೂ ಆಗ ನೋಡಿದೆನೆಂದು ಭೂತಕಾಲಕ್ಕೆ ಸರಿದುಬಿಡುತ್ತಾನೆ. ಓದುವವನು ಬದುಕಿದ್ದಾನೆ; ಬರೆದವನು ತೀರಿಹೋಗಿ ಬಹಳ ಕಾಲವಾಗಿದೆ ಎಂಬಂತೆ ಮಾತು. ಮೂವತ್ತೇಳು ವರ್ಷದ ಗಟ್ಟಿಮುಟ್ಟಾದ ಮನುಷ್ಯನೊಬ್ಬ ತನ್ನನ್ನೇ ಹೀಗೆ ಹಿಂದಕ್ಕೆ ತಳ್ಳಿಕೊಂಡು ಮುಂದಿನವರಿಗೆ ಜಾಗ ಬಿಟ್ಟುಕೊಡುವುದು ಸಾಮಾನ್ಯ ಸಂಗತಿಯಲ್ಲ. ಕೊನೆಯ ಭಾಗದಲ್ಲಿ ಹರಿಯಲಿ, ಹಾರಲಿ, ಉರಿಯಲಿ ಎಂಬ ಆಜ್ಞಾರ್ಥದೊಡನೆ ಎಲ್ಲವೂ ಮತ್ತೆ ವರ್ತಮಾನಕ್ಕೆ ಮರಳುತ್ತವೆ.

ಇನ್ನೊಂದು ಚಿತ್ರವನ್ನು ನೋಡಿ. ಬಿಸಿಲು ಬಿದ್ದ ನೀರಿಗೆ ಬಾಗಿ ನೋಡಿದರೆ ನಮ್ಮ ತಲೆಯ ಛಾಯೆಯ ಸುತ್ತ ಬೆಳಕಿನ ಗೆರೆಗಳು ಚಕ್ರದ ಅರಗಳಂತೆ ಹರಡಿದ್ದು ಕಾಣುತ್ತದೆ. ದೇವರ ವಿಗ್ರಹಕ್ಕೆ ಹಿಂದಿರುವ ಪ್ರಭಾವಳಿಯಂತೆಯೇ. ಇದರಲ್ಲಿ ಒಂದು ತಮಾಷೆಯಿದೆ: ಪ್ರತಿಯೊಬ್ಬನಿಗೂ ಆ ಪ್ರಭೆ ತನ್ನ ತಲೆಯ ಸುತ್ತ ಮಾತ್ರ ಕಾಣುತ್ತದೆ, ಪಕ್ಕದವನ ತಲೆಯ ಸುತ್ತ ಕಾಣುವುದಿಲ್ಲ. ಇದು ದೃಷ್ಟಿಶಾಸ್ತ್ರದ ನಿಯಮ. ವಿಟ್ಮನ್ ಮೂರನೆಯ ಭಾಗದಲ್ಲಿ ಈ ಪ್ರಭೆಯನ್ನು ತನ್ನ ತಲೆಯ ಸುತ್ತ ಕಂಡದ್ದನ್ನು ಹೇಳುತ್ತಾನೆ. ಒಂಬತ್ತನೆಯ ಭಾಗದಲ್ಲಿ ಅದೇ ಬೆಳಕು ತನ್ನ ತಲೆಯಿಂದಾಗಲಿ, ಬೇರೆ ಯಾರದೇ ತಲೆಯಿಂದಾಗಲಿ ಹರಡಲಿ ಎನ್ನುತ್ತಾನೆ. ತನಗೆ ಕಾಣದ್ದು ಪಕ್ಕದವನಿಗೆ ಕಾಣುತ್ತಿದೆಯೆಂದು ಒಪ್ಪುವುದು, ಅದೂ ತನ್ನಷ್ಟೇ ದಿಟವೆಂದು ನಂಬುವುದು, ಪದ್ಯದ ಹೃದಯ ಇದೇ ಎಂದು ನನಗೆ ತೋರುತ್ತದೆ. ಅದ್ವೈತಿ ಎಲ್ಲರೂ ಒಂದೇ ಎನ್ನುತ್ತಾನೆ. ದೋಣಿಯಲ್ಲಿ ನಿಂತ ವಿಟ್ಮನ್ ಎಲ್ಲರೂ ಬೇರೆ ಬೇರೆ, ಆದರೆ ಒಬ್ಬೊಬ್ಬರಿಗೂ ಒಂದೊಂದು ಪ್ರಭಾವಳಿಯಿದೆ ಎನ್ನುತ್ತಾನೆ. ಇವೆರಡೂ ಒಂದೇ ಮಾತಲ್ಲ.

ಪದ್ಯವನ್ನು ಕನ್ನಡಕ್ಕೆ ತರುವವನಿಗೆ ಇಲ್ಲಿಯೇ ಒಂದು ತೊಡಕು ಎದುರಾಗುತ್ತದೆ. ಇಂಗ್ಲಿಷಿನ 'ಯೂ' ಒಬ್ಬನಿಗೂ ಸಲ್ಲುತ್ತದೆ, ಸಾವಿರ ಜನರಿಗೂ ಸಲ್ಲುತ್ತದೆ. ಗೌರವಕ್ಕೂ ಸಲಿಗೆಗೂ ಅದೊಂದೇ ಮಾತು. ವಿಟ್ಮನ್ ಗುಂಪನ್ನು ಮಾತನಾಡಿಸುತ್ತ ಮಾತನಾಡಿಸುತ್ತ, ಯಾವ ಗಳಿಗೆಯಲ್ಲಿ ಎಂದು ತಿಳಿಯದಂತೆ, ಓದುತ್ತಿರುವ ಒಬ್ಬನ ಕಡೆಗೆ ತಿರುಗಿರುತ್ತಾನೆ. ಕನ್ನಡದಲ್ಲಿ 'ನೀವು' ಎಂದರೆ ಗುಂಪು, ಇಲ್ಲವೆ ಗೌರವ. 'ನೀನು' ಎಂದರೆ ಒಬ್ಬನೇ, ಸಲಿಗೆಯವನು. ಮೊದಲಿನಿಂದ ಕೊನೆಯವರೆಗೆ 'ನೀವು' ಎಂದರೆ ಪದ್ಯ ಸಭೆಯ ಭಾಷಣವಾಗುತ್ತದೆ. ಉದ್ದಕ್ಕೂ 'ನೀನು' ಎಂದರೆ ಜನಸಂದಣಿಯೇ ಮಾಯವಾಗುತ್ತದೆ. ಅನುವಾದಕ ಎಲ್ಲೋ ಒಂದು ಕಡೆ 'ನೀವು' ಬಿಟ್ಟು 'ನೀನು' ಹಿಡಿಯಬೇಕು. ನನ್ನನ್ನು ಕೇಳಿದರೆ ಆರನೆಯ ಭಾಗದಲ್ಲಿ ಹಾಗೆ ಮಾಡಬೇಕು. ಅಲ್ಲಿ ಕವಿ ತಾನೂ ಸುಳ್ಳು ಹೇಳಿದವನು, ಕದ್ದವನು, ಹೊಟ್ಟೆಕಿಚ್ಚುಪಟ್ಟವನು, ಹೇಡಿಯಾದವನು ಎಂದು ತನ್ನ ಕತ್ತಲೆಯನ್ನು ಬಿಚ್ಚಿಡುತ್ತಾನೆ. ಅಂತಹ ಮಾತನ್ನು ಯಾರೂ 'ನೀವು' ಎಂದು ಕರೆದವರೆದುರಿಗೆ ಆಡುವುದಿಲ್ಲ. ಇಂಗ್ಲಿಷಿನಲ್ಲಿ ಮರೆಯಾಗಿರುವ ಒಂದು ತಿರುವನ್ನು ಕನ್ನಡ ಹೀಗೆ ಕಣ್ಣಿಗೆ ತೋರಿಸಬಲ್ಲದು. ಅನುವಾದದಲ್ಲಿ ನಷ್ಟವೇ ಆಗಬೇಕೆಂದೇನೂ ಇಲ್ಲ.

ಈಗ ಒಂದು ಆಕ್ಷೇಪ. ನೂರು ವರ್ಷದ ಮೇಲೂ ಜನ ಈ ಕಡವನ್ನು ದಾಟುತ್ತಾರೆಂದು ಕವಿ ಭರವಸೆಯಿಂದ ನುಡಿದನಲ್ಲ, ಅದು ನಡೆಯಿತೇ? ಐವತ್ತು ವರ್ಷಕ್ಕೆ, ಎಂದರೆ 1906ರಲ್ಲಿ, ದೋಣಿ ಇನ್ನೂ ಓಡುತ್ತಿತ್ತು. ನೂರು ವರ್ಷಕ್ಕೆ, 1956ರಲ್ಲಿ, ಅಲ್ಲಿ ದೋಣಿಯಿರಲಿಲ್ಲ. 1866-67ರ ಚಳಿಗಾಲದಲ್ಲಿ ಹೆಪ್ಪುಗಟ್ಟಿದ ನೀರು ದೋಣಿಗಳನ್ನು ತಡೆದದ್ದೇ ಸೇತುವೆ ಬೇಕೆಂಬ ಕೂಗಿಗೆ ಬಲ ಕೊಟ್ಟಿತು. 1869ರಲ್ಲಿ ಸೇತುವೆಯ ಶಿಲ್ಪಿ ಜಾನ್ ರೋಬ್ಲಿಂಗ್ ಕಡವಿನ ಕಟ್ಟೆಯ ಮೇಲೆ ನಿಂತು ಸ್ಥಳ ನೋಡುತ್ತಿದ್ದಾಗ, ದಡಕ್ಕೆ ಬಂದ ದೋಣಿಯಿಂದಾಗಿ ಅವನ ಪಾದ ನಜ್ಜುಗುಜ್ಜಾಯಿತು. ಧನುರ್ವಾಯುವಿನಿಂದ ಕೆಲವೇ ವಾರಗಳಲ್ಲಿ ತೀರಿಕೊಂಡ. ಸೇತುವೆ ಮಾತ್ರ ನಿಲ್ಲಲಿಲ್ಲ. 1,595 ಅಡಿಯ ನಡು ಅಂಕಣದ ಬ್ರೂಕ್ಲಿನ್ ಸೇತುವೆ 1883ರ ಮೇ 24ರಂದು ತೆರೆಯಿತು. ಅದರ ಒಂದು ಗೋಪುರ ಎದ್ದದ್ದು ಕಡವಿನ ಮಗ್ಗುಲಲ್ಲಿಯೇ. 1908ರಲ್ಲಿ ನೀರಿನಡಿಯ ಸುರಂಗದಲ್ಲಿ ರೈಲು ಬಂತು. 1924ರಲ್ಲಿ ಫುಲ್ಟನ್ ಫೆರ್ರಿ ನಿಂತುಹೋಯಿತು. 1930ರಲ್ಲಿ ಹಾರ್ಟ್ ಕ್ರೇನ್ ಎಂಬ ಮತ್ತೊಬ್ಬ ಕವಿ 'ದಿ ಬ್ರಿಜ್' ಎಂಬ ಕಾವ್ಯವನ್ನು ಪ್ರಕಟಿಸಿದ. ಕಡವಿನ ಕಾಲ ಹೋಗಿ ಸೇತುವೆಯ ಕಾಲ ಬಂದದ್ದಕ್ಕೆ ಕಾವ್ಯದಲ್ಲಿಯೂ ದಾಖಲೆ ದೊರೆಯಿತು.

ನನ್ನ ತರಗತಿಯಲ್ಲಿ ಈ ಮಾತು ಬಂದಾಗ ಒಬ್ಬ ಹುಡುಗ, "ಹಾಗಾದರೆ ಪದ್ಯ ಸುಳ್ಳಾಯಿತಲ್ಲ, ಸಾರ್?" ಎಂದ. ನಾನು ಉತ್ತರ ಹೇಳುವ ಮೊದಲೇ ತುಮರಿಯ ಕಡೆಯ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತಳು. ಶರಾವತಿಯ ಹಿನ್ನೀರಿನ ಮೇಲೆ ಸಿಗಂದೂರಿಗೆ ಹೋಗುವ ದಾರಿಗೆ 2025ರಲ್ಲಿ ಸೇತುವೆಯಾಯಿತಷ್ಟೆ. ಅದಕ್ಕೆ ಮೊದಲು ಲಾಂಚಿನಲ್ಲಿಯೇ ಓಡಾಡಿದವಳು ಅವಳು. "ಸೇತುವೆ ಬೇಕಾಗಿತ್ತು ಸಾರ್, ರಾತ್ರಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಲಾಂಚಿಗೆ ಕಾದು ನಾವು ಪಟ್ಟ ಪಾಡು ನಮಗೇ ಗೊತ್ತು. ಆದರೆ ಲಾಂಚಿನಲ್ಲಿ ಬಸ್ಸಿಂದ ಇಳಿದು ಎಲ್ಲರೂ ಕಂಬಿ ಹಿಡಿದು ನಿಲ್ಲುತ್ತಿದ್ದೆವು. ಈಗ ಯಾರೂ ಇಳಿಯುವುದಿಲ್ಲ" ಎಂದಳು. ಇದಕ್ಕಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಪುಸ್ತಕಗಳಲ್ಲಿ ಕಂಡಿಲ್ಲ. ಸೇತುವೆ ಜನರನ್ನು ದಾಟಿಸುತ್ತದೆ. ಕಡವು ಜನರನ್ನು ಮೊದಲು ಕಾಯಿಸುತ್ತದೆ, ಕೂಡಿಸುತ್ತದೆ, ಮಾಡಲು ಬೇರೆ ಕೆಲಸವಿಲ್ಲದ ಕೆಲವು ನಿಮಿಷಗಳನ್ನು ಕೈಗಿತ್ತು ಪಕ್ಕದವರ ಮುಖ ನೋಡುವಂತೆ ಮಾಡುತ್ತದೆ. ವಿಟ್ಮನ್ನನ ಪದ್ಯ ಹುಟ್ಟಿದ್ದು ಆ ನಿಮಿಷಗಳಲ್ಲಿ. ಅವನ ಭವಿಷ್ಯವಾಣಿ ದೋಣಿಯ ವೇಳಾಪಟ್ಟಿಯನ್ನು ಕುರಿತದ್ದಲ್ಲ. ಅಂತಹ ನಿಮಿಷಗಳು ಮುಂದಿನವರಿಗೂ ಸಿಗುತ್ತವೆಂಬ ನಂಬಿಕೆಯನ್ನು ಕುರಿತದ್ದು.

ಆ ಜಾಗದಲ್ಲಿ ಇಂದು ಮತ್ತೆ ದೋಣಿಗಳು ನಿಲ್ಲುತ್ತವೆ. 2011ರಲ್ಲಿ ಈಸ್ಟ್ ರಿವರಿನ ದೋಣಿ ಸಂಚಾರ ಹೊಸದಾಗಿ ಏರ್ಪಟ್ಟಿತು. 2017ರಿಂದ ನಗರಾಡಳಿತದ ಆಶ್ರಯದ ದೋಣಿಗಳು ಓಡುತ್ತಿವೆ. ಹಳೆಯ ಕಟ್ಟೆಯ ಕಂಬಿಗಳಲ್ಲಿ ವಿಟ್ಮನ್ನನ ಪದ್ಯದ ಮಾತುಗಳನ್ನು ಕೊರೆದಿದ್ದಾರೆ. ಎರಕದ ಕುಲುಮೆಗಳಿಲ್ಲ, ಹುಲ್ಲಿನ ದೋಣಿಗಳಿಲ್ಲ. ಹಡಗುಕಟ್ಟೆಗಳಿದ್ದ ದಡದಲ್ಲಿ ಉದ್ಯಾನವಿದೆ. ಬರುವವರಲ್ಲಿ ಪ್ರವಾಸಿಗಳ ಪಾಲು ದೊಡ್ಡದು. ಹಿಂದೆ ಇಡಿಯ ಊರಿಗೆ ಅನಿವಾರ್ಯವಾಗಿದ್ದ ದೋಣಿ ಈಗ ಹಲವು ದಾರಿಗಳಲ್ಲಿ ಒಂದು ದಾರಿ. ಒಲಿದು ಬಂದವರ ಗುಂಪಿಗೂ ಬೇರೆ ದಾರಿಯಿಲ್ಲದೆ ಬಂದವರ ಗುಂಪಿಗೂ ವ್ಯತ್ಯಾಸವುಂಟು. ಧಣಿಯೂ ಆಳೂ ಒಂದೇ ಕಂಬಿಗೆ ಒರಗಬೇಕಾಗಿದ್ದ ಆ ಹಳೆಯ ಅನಿವಾರ್ಯತೆ ಪದ್ಯದ ಸಮಾನತೆಗೆ ನೆಲಗಟ್ಟಾಗಿತ್ತು.

ಇಷ್ಟು ಹೊಗಳಿದ ಮೇಲೆ ಪದ್ಯದ ಮಿತಿಯನ್ನೂ ಹೇಳದಿದ್ದರೆ ವಿಮರ್ಶೆಯಾಗದು. ಹೋದವನು ಮರಳಿ ಬರುತ್ತಾನೆಂಬ ಭರವಸೆಯ ಮೇಲೆ ಇಡಿಯ ಪದ್ಯ ನಿಂತಿದೆ. ಆದರೆ ಆ ಭರವಸೆ ಅಲ್ಲಿನ ಎಲ್ಲರಿಗೂ ಇತ್ತೇ? ಪದ್ಯ ಅಚ್ಚಾಗುವುದಕ್ಕೆ ಆರು ವರ್ಷ ಮೊದಲು, 1850ರಲ್ಲಿ, ಓಡಿಬಂದ ಗುಲಾಮರನ್ನು ಹಿಡಿದೊಪ್ಪಿಸಬೇಕೆಂಬ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂತು. ಅದರ ಮೊದಲ ಬಲಿ ಜೇಮ್ಸ್ ಹ್ಯಾಮ್ಲೆಟ್ ಎಂಬ ಕರಿಯ ಜನಾಂಗದ ಕೂಲಿಕಾರ. ಅವನ ಮನೆ ಇದೇ ನೀರಿನ ಈಚೆಯ ವಿಲಿಯಮ್ಸ್‌ಬರ್ಗಿನಲ್ಲಿ. ಕೆಲಸ ಆಚೆಯ ಮ್ಯಾನ್‌ಹಟನ್ನಿನಲ್ಲಿ. ಸೇತುವೆಯಿಲ್ಲದ ಕಾಲ, ಅವನೂ ದೋಣಿಯಲ್ಲಿಯೇ ಹೋಗಿಬರುತ್ತಿದ್ದಿರಬೇಕು. ಸೆಪ್ಟೆಂಬರಿನ ಒಂದು ದಿನ ಕೆಲಸದ ಜಾಗದಲ್ಲಿಯೇ ಅವನನ್ನು ಹಿಡಿದು ಬಾಲ್ಟಿಮೋರಿಗೆ ಸಾಗಿಸಿದರು. ನ್ಯೂಯಾರ್ಕಿನ ಜನ, ಮುಖ್ಯವಾಗಿ ಅವನ ಜನಾಂಗದವರು, ವಂತಿಗೆಯೆತ್ತಿ 800 ಡಾಲರು ಕೊಟ್ಟು ಅವನನ್ನು ಬಿಡಿಸಿ ತಂದರು. ಆ ಒಂದು ಸಂಜೆ ಮಾತ್ರ ಅವನು ದೋಣಿ ಹತ್ತಿ ಮನೆಗೆ ಮರಳಲಿಲ್ಲ.

ವಿಟ್ಮನ್ನನಿಗೆ ಇದು ತಿಳಿಯದ ಲೋಕವಲ್ಲ. ಹೊಸ ಪ್ರಾಂತಗಳಿಗೆ ಗುಲಾಮಗಿರಿ ಹಬ್ಬಬಾರದೆಂಬ ಪಕ್ಷ ಹಿಡಿದದ್ದರಿಂದಲೇ ಅವನು 'ಈಗಲ್' ಪತ್ರಿಕೆಯ ಕೆಲಸ ಕಳೆದುಕೊಂಡದ್ದು. 1855ರ ದೊಡ್ಡ ಕವಿತೆಯಲ್ಲಿ ಓಡಿಬಂದ ಗುಲಾಮನೊಬ್ಬನಿಗೆ ಮನೆಯಲ್ಲಿ ಇಂಬು ಕೊಟ್ಟು, ಜತೆಯಲ್ಲಿ ಕೂರಿಸಿಕೊಂಡು ಉಣ್ಣುವ ಚಿತ್ರವನ್ನು ಅವನೇ ಬರೆದಿದ್ದಾನೆ. ಆದರೆ ಕಡವಿನ ಪದ್ಯದಲ್ಲಿ ಅಂತಹವನಿಗೆ ಜಾಗವಿಲ್ಲ. ಅಲ್ಲಿನ ಜನಸಂದಣಿಗೆ ಬಣ್ಣವಿಲ್ಲ, ಭಯವಿಲ್ಲ. ಹಾಗೆಯೇ ಅಂಬಿಗನಿಗೂ ಜಾಗವಿಲ್ಲ. 1882ರ 'ಸ್ಪೆಸಿಮನ್ ಡೇಸ್' ಎಂಬ ಗದ್ಯಗ್ರಂಥದಲ್ಲಿ ಅವನು ತನ್ನ ದೋಣಿಯ ಹುಚ್ಚನ್ನು ವರ್ಣಿಸುತ್ತ, ಚುಕ್ಕಾಣಿ ಹಿಡಿಯುತ್ತಿದ್ದ ಗೆಳೆಯರ ಹೆಸರುಗಳನ್ನೂ ಹೇಳಿ ನೆನೆಯುತ್ತಾನೆ. ಪದ್ಯದಲ್ಲಾದರೋ ಚುಕ್ಕಾಣಿಯವರು ದೂರದ ಹಡಗುಗಳಲ್ಲಿ ಕಂಡ ನೋಟವಷ್ಟೆ. ತಾನು ನಿಂತ ದೋಣಿಯನ್ನು ನಡೆಸುತ್ತಿರುವವನನ್ನು ಕವಿ ಮಾತನಾಡಿಸುವುದಿಲ್ಲ. ಒಬ್ಬನು ಇನ್ನೊಬ್ಬನನ್ನು ದಾಟಿಸುವ ಸಂಬಂಧವೇ ಅವನಿಗಿಲ್ಲಿ ಬೇಡ. ಎಲ್ಲರೂ ಜತೆಯಾಗಿ ದಾಟುವವರಾಗಿರಬೇಕು. ಅದಕ್ಕಾಗಿ ಅಂಬಿಗನನ್ನು ಮರೆಮಾಡಬೇಕಾಯಿತು. ಪದ್ಯಕ್ಕೆ ಇದರಿಂದ ಲಾಭವಾಯಿತು. ದುಡಿಯುವ ಕೈಯೊಂದು ಕಾಣದೆಹೋದದ್ದೂ ನಿಜ.

ಇವನ್ನು ದೋಷಗಳೆಂದು ಪಟ್ಟಿಮಾಡಿ ಪದ್ಯವನ್ನು ಕೆಳಗಿಡುವುದು ಸುಲಭ. ನನ್ನ ತೀರ್ಮಾನ ಹಾಗಿಲ್ಲ. ಒಬ್ಬೊಬ್ಬರ ತಲೆಯ ಸುತ್ತಲೂ ಪ್ರಭಾವಳಿಯಿದೆಯೆಂದು ಒಂದು ಪದ್ಯ ನಮ್ಮನ್ನು ನಂಬಿಸಿದ ಮೇಲೆಯೇ, ಯಾರ ತಲೆ ಲೆಕ್ಕದಿಂದ ಬಿಟ್ಟುಹೋಯಿತೆಂದು ನಾವು ಹುಡುಕತೊಡಗುತ್ತೇವೆ. ಹ್ಯಾಮ್ಲೆಟ್ ದೋಣಿಯಲ್ಲಿಲ್ಲವಲ್ಲ ಎಂದು ನಮಗೆ ನೋವಾಗುವುದು, ಎಲ್ಲರೂ ಅಲ್ಲಿರಬೇಕೆಂದು ವಿಟ್ಮನ್ ಹೇಳಿಕೊಟ್ಟಿದ್ದರಿಂದಲೇ. ತನ್ನ ಕೊರತೆಯನ್ನು ಅಳೆಯುವ ಕೋಲನ್ನು ತಾನೇ ಓದುಗನ ಕೈಗೆ ಕೊಡುವ ಕೃತಿಗಳು ಹೆಚ್ಚಿಲ್ಲ.

ನಮ್ಮ ಅಂಬಿಗನ ಹಾಡುಗಳಿಗೆ ಇದರಿಂದ ಕುಂದೇನೂ ಬರುವುದಿಲ್ಲ. ಹೊಳೆ ತುಂಬಿ ಬಂದಾಗ, ಒಬ್ಬನೇ ಇರುವಾಗ, ಮನುಷ್ಯನಿಗೆ ದಾಟಿಸುವವನು ಬೇಕು. ಆ ಹಾಡುಗಳು ಆ ಗಳಿಗೆಯವು. ವಿಟ್ಮನ್ನನ ಪದ್ಯ ಇನ್ನೊಂದು ಹೊತ್ತಿನದು: ಕೆಲಸ ಮುಗಿದು, ಕೈಯಲ್ಲಿ ಚೀಲ ಹಿಡಿದು, ಗುರುತಿಲ್ಲದ ನೂರು ಜನರ ನಡುವೆ ನಿಂತು ಮನೆಯ ದಾರಿ ನೋಡುವ ಹೊತ್ತು. ಪಟ್ಟಣದ ವಾಚಕರಿಗೆ ಆ ಹೊತ್ತು ದಿನವೂ ಬರುತ್ತದೆ. ಆಗ ಪಕ್ಕದಲ್ಲಿ ನಿಂತವರ ಕಡೆಗೆ ಒಮ್ಮೆ ಕಣ್ಣೆತ್ತಿ ನೋಡಿದರೆ, ಹೊಳೆಯಿಲ್ಲದಿದ್ದರೂ ಕಡವು ಅಲ್ಲಿಯೇ ಇದೆ.